ಓಡುತ್ತಿರುವ ಸಾಫ್ಟ್‌ವೇರ್‌ನ ನಿಜವಾದ ನಕ್ಷೆ ತೆಗೆಯುವುದು ಹೇಗೆ?

ಎಷ್ಟೋ ಟೀಮ್‌ಗಳಲ್ಲಿ ಇರುವ ಆರ್ಕಿಟೆಕ್ಚರ್ ಚಿತ್ರ ಹಳೆಯದು. ಯಾವ ಸರ್ವಿಸ್ (ಸಾಫ್ಟ್‌ವೇರ್‌ನ ಬೇರೆಯಾಗಿ ಓಡುವ ಒಂದು ಭಾಗ) ಯಾವುದನ್ನು ಕರೆಯುತ್ತಿದೆ ಅಂತ ತಿಳಿಯಬೇಕಾದರೆ ಓಡುವಾಗಲೇ ಡೇಟಾ ಹಿಡಿಯಬೇಕು. ಜಾವಾ ಸರ್ವಿಸ್‌ಗಳಿಗೆ ಓಪನ್‌ಟೆಲಿಮೆಟ್ರಿ ಬಳಸಿ. ಓಡುವ ಸರ್ವಿಸ್‌ಗಳಿಂದ ಇಂಥ ಡೇಟಾ ಹಿಡಿಯುವ ಟೂಲ್ ಇದು. ಉಚಿತ, ಬಹುತೇಕ ಕೋಡ್ ಮುಟ್ಟಬೇಕಿಲ್ಲ. ಐಪಿ ವಿಳಾಸ ನೋಡಿ ನಕ್ಷೆ ಊಹಿಸುವ ಟೂಲ್‌ಗಳನ್ನು ನಂಬಬೇಡಿ. ನಡುವೆ ಲೋಡ್ ಬ್ಯಾಲೆನ್ಸರ್ (ರಿಕ್ವೆಸ್ಟ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಯಂತ್ರ) ಇದ್ದರೆ ಎಲ್ಲ ಗೆರೆಗಳೂ ಅಲ್ಲಿಗೇ ಹೋಗಿ ನಿಲ್ಲುತ್ತವೆ.

1. ಓಪನ್‌ಟೆಲಿಮೆಟ್ರಿಯ ಏಜೆಂಟ್ ಜಾರ್ ಫೈಲನ್ನು ಪ್ರತಿ ಸರ್ವಿಸ್‌ನ ಸ್ಟಾರ್ಟ್ ಕಮಾಂಡ್‌ಗೆ ಸೇರಿಸಿ. ಪ್ರತಿಯೊಂದಕ್ಕೂ ಬೇರೆ ಹೆಸರು ಕೊಟ್ಟು ರೀಸ್ಟಾರ್ಟ್ ಮಾಡಿ.

2. ಡೇಟಾವನ್ನು ಯೇಗರ್‌ಗೆ (ಅದನ್ನು ಕೂಡಿಟ್ಟು ಚಿತ್ರವಾಗಿ ತೋರಿಸುವ ಟೂಲ್) ಕಳಿಸಿ. ಅದರ ಪರದೆ 16686 ಪೋರ್ಟ್‌ನಲ್ಲಿ ತೆರೆಯುತ್ತದೆ.

3. ಎಲ್ಲರೂ ಎಡವುವುದು ಇಲ್ಲಿ. ಚಿತ್ರ ಬಂತು ಅಂತ ಖುಷಿಪಟ್ಟು ಮುಂದೆ ಹೋಗಬೇಡಿ. ಒಂದು ರಿಕ್ವೆಸ್ಟ್ ಎಲ್ಲೆಲ್ಲಿ ಹೋಯಿತು ಅನ್ನುವ ದಾಖಲೆಯೇ ಟ್ರೇಸ್. ಅದನ್ನು ಜೋಡಿಸುವುದು ಟ್ರೇಸ್‌ಪೇರೆಂಟ್ ಅನ್ನುವ ಹೆಡರ್, ಅಂದರೆ ರಿಕ್ವೆಸ್ಟ್ ಜೊತೆ ಹೋಗುವ ಒಂದು ಚೀಟಿ. ಅದರೊಳಗೆ 32 ಅಕ್ಷರಗಳ ಟ್ರೇಸ್ ಐಡಿ ಇರುತ್ತದೆ. ದಾರಿಯಲ್ಲಿ ಹೆಡರ್ ಬಿದ್ದುಹೋದರೆ ಯಾವ ಎರರ್ರೂ ಬರುವುದಿಲ್ಲ. ಒಂದೇ ಆರ್ಡರ್‌ನ ಕೆಲಸ ಸುಮ್ನೆ ಎರಡು ಬೇರೆ ಕೆಲಸಗಳ ಹಾಗೆ ಕಾಣುತ್ತದೆ. ಆಮೇಲೆ "ಇವೆರಡಕ್ಕೂ ಸಂಬಂಧವಿಲ್ಲ, ಬೇರೆ ಮಾಡಬಹುದು" ಅಂತ ತೀರ್ಮಾನ ಆಗಿಬಿಡುತ್ತದೆ!

ಹೀಗೆ ಪರೀಕ್ಷಿಸಿ: ಒಳಗಿನ ಒಂದೊಂದೇ ಸರ್ವಿಸ್ ಆರಿಸಿ, ಟ್ರೇಸ್ ಅದರಿಂದಲೇ ಶುರುವಾಗಿದೆಯಾ ನೋಡಿ. ಪೇಮೆಂಟ್ ಸರ್ವಿಸ್ ತಾನಾಗಿಯೇ ಶುರುವಾಗಲು ಸಾಧ್ಯವಿಲ್ಲ, ಅಲ್ವಾ? ಶುರುವಾಗಿದ್ದರೆ ಕೊಂಡಿ ಅದರ ಹಿಂದೆಯೇ ತುಂಡಾಗಿದೆ. ನಿಗದಿತ ಹೊತ್ತಿಗೆ ಓಡುವ ಜಾಬ್‌ಗಳಂಥವು ಇದಕ್ಕೆ ಹೊರತು. ಕಾಫ್ಕಾ (ಸರ್ವಿಸ್‌ಗಳ ನಡುವೆ ಮೆಸೇಜ್ ಸಾಗಿಸುವ ಸಾಫ್ಟ್‌ವೇರ್) ಮೆಸೇಜ್‌ಗಳಿಗೆ ಏಜೆಂಟೇ ಹೆಡರ್ ಸೇರಿಸುತ್ತದೆ. ಜಾಸ್ತಿ ತುಂಡಾಗುವುದು ಗುರುತಿಲ್ಲದ ಹೆಡರ್‌ಗಳನ್ನು ಕಿತ್ತುಹಾಕುವ ಹಳೆಯ ಪ್ರಾಕ್ಸಿಯಲ್ಲಿ (ರಿಕ್ವೆಸ್ಟ್‌ಗಳನ್ನು ನಡುವೆ ನಿಂತು ದಾಟಿಸುವ ಸರ್ವರ್), ಮತ್ತು ಡೇಟಾಬೇಸ್ ಟೇಬಲ್ಲನ್ನೇ ಕ್ಯೂ (ಕೆಲಸಗಳ ಸರತಿ ಸಾಲು) ಮಾಡಿಕೊಂಡ ಕಡೆ. ಪ್ರಾಕ್ಸಿಗೆ ಈ ಹೆಡರ್ ಬಿಡಲು ಹೇಳಿ. ಟೇಬಲ್‌ಗೆ ಒಂದು ಕಾಲಂ ಸೇರಿಸಿ, ಹೆಡರ್‌ನಲ್ಲಿರುವುದನ್ನು ಅದರಲ್ಲಿ ಬರೆದಿಡಿ. ಸಾಲನ್ನು ಎತ್ತಿಕೊಳ್ಳುವ ಕೋಡ್ ಅದನ್ನು ಓದಿ ಟ್ರೇಸ್ ಮುಂದುವರಿಸಲಿ. ಕೋಡ್ ಮುಟ್ಟಬೇಕಾಗಿ ಬರುವುದು ಇಲ್ಲಿ ಮಾತ್ರ.

4. ಟೆಸ್ಟ್ ಸರ್ವರ್‌ನಲ್ಲಿ ಎಲ್ಲ ರಿಕ್ವೆಸ್ಟ್‌ಗಳನ್ನೂ ಹಿಡಿಯಿರಿ. ಪ್ರೊಡಕ್ಷನ್‌ನಲ್ಲಿ ನೂರಕ್ಕೆ ಹತ್ತು ಸಾಕು, ಆದರೆ ತಿಂಗಳ ಕೊನೆ ಸೇರುವಷ್ಟು ದಿನ ಓಡಿಸಿ. ರಿಫಂಡ್, ತಿಂಗಳ ಬಿಲ್ಲಿಂಗ್‌ನಂಥ ಅಪರೂಪದ ದಾರಿಗಳು ಅರ್ಧ ಗಂಟೆಯಲ್ಲಿ ಸಿಗುವುದಿಲ್ಲ. ಓಡದ ದಾರಿ ನಕ್ಷೆಯಲ್ಲಿ ಬರುವುದೇ ಇಲ್ಲ. ಹಾಗಾಗಿ ಗೆರೆ ಇಲ್ಲ ಅಂತ ಕೋಡ್ ಅಳಿಸಬೇಡಿ.

5. ಯುಆರ್‌ಎಲ್‌ಗಳಲ್ಲಿ ಗ್ರಾಹಕರ ಫೋನ್ ನಂಬರ್, ಟೋಕನ್ ಇದ್ದರೆ ಅಳಿಸಿ. ಆಮೇಲೆ ಬೇಕಾದ ಟ್ರೇಸ್‌ಗಳನ್ನು ಜೇಸನ್ ಫೈಲ್ ಆಗಿ ಇಳಿಸಿಕೊಳ್ಳಿ. ಬೇರೆ ಸ್ಟೋರೇಜ್ ಕೊಡದಿದ್ದರೆ ಯೇಗರ್ ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟಿರುತ್ತದೆ. ಅದು ನಿಂತರೆ ಡೇಟಾ ಪೂರ್ತಿ ಹೋಗುತ್ತದೆ.