ಹೊಂದಿಕೊಳ್ಳುವ ಶಾಲಾ ವೇಳಾಪಟ್ಟಿಯನ್ನು ರೂಪಿಸುವ ಬಗೆ

ವೇಳಾಪಟ್ಟಿಯನ್ನು ಸಡಿಲಗೊಳಿಸಲು ಹೊರಟವರು ಯಾವುದನ್ನು ಸಡಿಲಿಸಲಾಗದು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಇರುವ ಒಂದೇ ಪ್ರಯೋಗಾಲಯ, ಎಲ್ಲ ತರಗತಿಗಳಿಗೂ ಒಬ್ಬರೇ ಆಗಿರುವ ಸಂಗೀತ ಶಿಕ್ಷಕರು, ಶಾಲಾ ವಾಹನ ಹೊರಡುವ ಹೊತ್ತು, ಊಟದ ವಿರಾಮ ಇವುಗಳನ್ನು ಖಾಲಿ ಹಾಳೆಯಲ್ಲಿ ಮೊದಲು ಕೂರಿಸಿ, ಗಣಿತ ಹಾಗೂ ಭಾಷೆಗಳನ್ನು ಅವುಗಳ ಸುತ್ತ ಹೊಂದಿಸಬೇಕು. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಕೊನೆಯಲ್ಲಿ ಪ್ರಯೋಗಾಲಯಕ್ಕೆ ಜಾಗವೇ ಸಿಗದೆ ಇಡೀ ಪಟ್ಟಿಯನ್ನು ಅಳಿಸಿ ಬರೆಯಬೇಕಾಗುತ್ತದೆ.

ಮುಂದಿನದು ಅವಧಿಯ ಉದ್ದ. 40 ನಿಮಿಷಗಳ 8 ಪೀರಿಯಡ್‌ಗಳಿಂದ ದಿನಕ್ಕೆ ಸಿಗುವ 320 ನಿಮಿಷಗಳನ್ನೇ 80 ನಿಮಿಷಗಳ 4 ಅವಧಿಗಳಾಗಿ ಕೂಡಿಸಿದರೆ, ಬೋಧನೆಯ ಒಟ್ಟು ಸಮಯ ಕಡಿಮೆಯಾಗದೆ ಪಾಠದಿಂದ ಪಾಠಕ್ಕೆ ಬದಲಾಗುವ ಸಂದರ್ಭಗಳು 7ರಿಂದ 3ಕ್ಕೆ ಇಳಿಯುತ್ತವೆ. ಪ್ರಯೋಗ, ಪ್ರಬಂಧ ಬರವಣಿಗೆ, ಚಿತ್ರಕಲೆಗಳಿಗೆ ಈ ದೀರ್ಘ ಅವಧಿ ಒಗ್ಗುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಅಭ್ಯಾಸ ಬೇಡುವ ಹೊಸ ಭಾಷೆಯ ಕಲಿಕೆಗೆ ಅಷ್ಟಾಗಿ ಒಗ್ಗುವುದಿಲ್ಲ. ಆದ್ದರಿಂದ ವಾರದಲ್ಲಿ 2 ದಿನ ಮಾತ್ರ ಜೋಡಿ ಅವಧಿಗಳನ್ನಿಟ್ಟು ಆರಂಭಿಸುವುದು ಲೇಸು. 40 ನಿಮಿಷದ ಪಾಠವನ್ನೇ 80 ನಿಮಿಷಕ್ಕೆ ಎಳೆದರೆ ಮಕ್ಕಳ ಪಾಡು ಹೇಳತೀರದು. ನಡುವೆ ಅವರ ಕೈಗೆ ಕೆಲಸ ಕೊಡುವಂತೆ ಪಾಠಯೋಜನೆಯೂ ಬದಲಾಗಬೇಕು.

ಸೋಮವಾರಗಳಂದು ಮೇಲಿಂದ ಮೇಲೆ ರಜೆ ಬಂದು ಒಂದೇ ವಿಷಯ ಹಿಂದೆ ಬೀಳುತ್ತಿದ್ದರೆ, ವಾರದ ದಿನಗಳ ಹೆಸರನ್ನು ಬಿಟ್ಟು 1ನೇ ದಿನದಿಂದ 6ನೇ ದಿನದವರೆಗಿನ ಸರದಿಯನ್ನು ಅನುಸರಿಸಬಹುದು. ರಜೆಯ ಮರುದಿನ ಸರದಿಯು ನಿಂತಲ್ಲಿಂದಲೇ ಮುಂದುವರಿಯುತ್ತದೆ. ವಾರದ ಗೊತ್ತಾದ ದಿನಗಳಂದು ಮಾತ್ರ ಬರುವ ಅರೆಕಾಲಿಕ ಶಿಕ್ಷಕರಿರುವಲ್ಲಿ ಇದು ನಡೆಯದು.

ಹದಿಹರೆಯದವರಿಗೆ ರಾತ್ರಿ ನಿದ್ರೆ ತಡವಾಗಿ ಹತ್ತುವುದು ದೇಹದ ಸಹಜ ಬದಲಾವಣೆಯೇ ಹೊರತು ಕೇವಲ ಸೋಮಾರಿತನವಲ್ಲ. ಅಮೆರಿಕದ ಸಿಯಾಟಲ್ ನಗರದ ಪ್ರೌಢಶಾಲೆಗಳು 2016ರಲ್ಲಿ ಆರಂಭದ ವೇಳೆಯನ್ನು ಬೆಳಗಿನ 7:50ರಿಂದ 8:45ಕ್ಕೆ ಸರಿಸಿದ ಬಳಿಕ, ಅಲ್ಲಿನ ಎರಡು ಶಾಲೆಗಳಲ್ಲಿ ಅಳೆದು ನೋಡಿದಾಗ ವಿದ್ಯಾರ್ಥಿಗಳ ನಿದ್ರೆ ದಿನಕ್ಕೆ 34 ನಿಮಿಷಗಳಷ್ಟು ಹೆಚ್ಚಿತ್ತು. ಇಡೀ ಶಾಲೆಯ ವೇಳೆಯನ್ನು ಸರಿಸಲಾಗದಿದ್ದರೆ, ಹಿರಿಯ ತರಗತಿಗಳ ಮೊದಲ ಅವಧಿಯನ್ನು ಸ್ವಂತ ಓದಿಗೆ ಬಿಟ್ಟು, ಹಾಜರಾತಿಯನ್ನು ಎರಡನೆಯ ಅವಧಿಯಿಂದ ತೆಗೆದುಕೊಳ್ಳಬಹುದು.

ಶಿಕ್ಷಕರ ಪಾಲಿಗೆ ಬಿಡುವಿನ ಅವಧಿಯೇ ನಿಜವಾದ ಸಡಿಲಿಕೆ. ರಜೆಯಲ್ಲಿರುವವರ ತರಗತಿ ನೋಡಿಕೊಳ್ಳುವ ಕೆಲಸ ಮೊದಲು ನುಂಗುವುದೂ ಅದನ್ನೇ. ಯಾರ ಬಿಡುವು ಎಷ್ಟು ಸಲ ಹೀಗೆ ಹೋಯಿತೆಂಬ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಇಡಬೇಕು. ಕಡೆಯ ಅವಧಿಯವರೆಗೆ ಇರುವವರಿಗೆ ಬೆಳಿಗ್ಗೆ ತಡವಾಗಿ ಬರುವ ಅವಕಾಶವನ್ನೂ, ಒಂದೇ ವಿಷಯ ಕಲಿಸುವವರಿಗೆ ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಸಿಗುವ ಬಿಡುವನ್ನೂ ಪಟ್ಟಿಯಲ್ಲಿಯೇ ಬರೆದಿಡಬೇಕು. ಬಾಯಿಮಾತಿನ ಹೊಂದಾಣಿಕೆ ಪರೀಕ್ಷೆಗಳು ಹತ್ತಿರವಾದೊಡನೆ ಮುರಿದುಬೀಳುತ್ತದೆ.

ಹೊಸ ಪಟ್ಟಿಯನ್ನು 6 ವಾರ ಒಂದೆರಡು ತರಗತಿಗಳಲ್ಲಿ ಮಾತ್ರ ನಡೆಸಿ, ಆ ನಡುವೆ ದಿನಕ್ಕೊಂದು ತಿದ್ದುಪಡಿ ಮಾಡದೆ, ತೊಡಕುಗಳನ್ನು ಗುರುತು ಹಾಕಿಕೊಂಡು ಆ 6 ವಾರ ಮುಗಿದ ಮೇಲೆ ಒಟ್ಟಿಗೇ ಸರಿಪಡಿಸಬೇಕು.