ಹಳೆ ಜೋಡು ನಳಿಗೆ ಕೋವಿ ಯಾವ ಕಾಲದ್ದು ಅಂತ ಗುರುತಿಸೋದು ಹೇಗೆ

ಹಳೆ ಜೋಡು ನಳಿಗೆ ಕೋವಿ ಕೈಗೆ ಬಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಅದರ ಮೇಲೆ ಕೆತ್ತಿದ ಹೆಸರಿನ ಕಡೆಗೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಹೆಸರನ್ನು ಯಾರು ಬೇಕಾದರೂ ಕೆತ್ತಿಸಬಹುದು. ನಳಿಗೆಯ ಅಡಿಯಲ್ಲಿರುವ ಪುಟ್ಟ ಮುದ್ರೆಗಳನ್ನು ನಂಬಬಹುದು.

ಮೊದಲ ಕೆಲಸ, ಕೋವಿ ಮಡಚಿ ಎರಡೂ ನಳಿಗೆಯಲ್ಲಿ ತೋಟಾ ಇಲ್ಲ ಅಂತ ಕಣ್ಣಾರೆ ನೋಡುವುದು. ಆಮೇಲೆ ಮುಂದಿನ ಮರದ ತುಂಡನ್ನು ಕಳಚಿ ನಳಿಗೆಗಳನ್ನು ಬೇರೆ ಮಾಡಿ, ತಿರುಗಿಸಿ ಹಿಡಿಯಿರಿ. ತೋಟಾ ಕೂರುವ ಜಾಗದ ಅಡಿಯಲ್ಲಿ ಚಪ್ಪಟೆಯಾದ ಒಂದು ಭಾಗ ಇರುತ್ತದೆ, ಮುದ್ರೆಗಳೆಲ್ಲ ಹೆಚ್ಚಾಗಿ ಅಲ್ಲೇ. ಮರಳು ಕಾಗದ, ತಂತಿ ಬ್ರಷ್ ಹತ್ತಿರಕ್ಕೂ ತರಬೇಡಿ. ಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟು ಫೋಟೋ ತೆಗೆಯಿರಿ, ಸವೆದ ಮುದ್ರೆಯೂ ಎದ್ದು ಕಾಣುತ್ತದೆ.

ಈ ಮುದ್ರೆ ಯಾಕೆ ಇದೆ ಅಂದರೆ, ಯುರೋಪಿನ ಹಲವು ದೇಶಗಳಲ್ಲಿ ಕೋವಿ ಮಾರುವ ಮೊದಲು ಅದಕ್ಕೆ ಜಾಸ್ತಿ ಮದ್ದು ತುಂಬಿ ಹೊಡೆದು ಪರೀಕ್ಷೆ ಮಾಡಬೇಕಿತ್ತು, ನಳಿಗೆ ತಡೆದುಕೊಂಡರೆ ಮಾತ್ರ ಮುದ್ರೆ. ನಿಯಮ ಬದಲಾದಾಗ ಮುದ್ರೆಯೂ ಬದಲಾಯಿತು. ನಮಗೆ ಕಾಲ ಸಿಗುವುದೇ ಅಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಮನೆ 1813ರದ್ದು. ಅಲ್ಲಿನ ಕೋವಿಯಲ್ಲಿ ಕಿರೀಟದ ಕೆಳಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡ, ಅದರ ಜೊತೆ ಬಿಪಿಸಿ ಅಕ್ಷರ ಕಂಡರೆ 1904ಕ್ಕಿಂತ ಹಿಂದಿನದು. ಕಿರೀಟದ ಕೆಳಗೆ ಬರೀ ಬಿಪಿ, ಬಿವಿ ಇದ್ದರೆ 1904ರ ನಂತರದ್ದು. ನನಗೆ ತುಂಬಾ ಇಷ್ಟವಾದ ಮುದ್ರೆ 'ನಾಟ್ ಫಾರ್ ಬಾಲ್'. ತುದಿ ಕಿರಿದು ಮಾಡಿದ ನಳಿಗೆಯಲ್ಲಿ ಸಣ್ಣ ಚರೆ ಬಿಟ್ಟು ಒಂಟಿ ದೊಡ್ಡ ಗುಂಡು ಹೊಡೆಯಬೇಡಿ ಅಂತ ಎಚ್ಚರಿಕೆ. ಇದನ್ನು ಹಾಕಿದ್ದು 1875ರಿಂದ 1887ರವರೆಗೆ ಮಾತ್ರ, ಹಾಗಾಗಿ ಇದೊಂದು ಸಿಕ್ಕರೆ ಹನ್ನೆರಡು ವರ್ಷದೊಳಗೆ ಬಂದು ನಿಲ್ಲುತ್ತೀರಿ. ನಳಿಗೆಯ ಒಳ ಅಳತೆ .729 ಅಂತ ದಶಮಾಂಶದಲ್ಲಿದ್ದು, ಪಕ್ಕದಲ್ಲಿ ಒತ್ತಡವನ್ನು ಟನ್ ಲೆಕ್ಕದಲ್ಲಿ ಕೊಟ್ಟಿದ್ದರೆ ಆ ಮುದ್ರೆ ಬಿದ್ದಿದ್ದು 1954ರ ನಂತರ.

ಆದರೆ ಮುದ್ರೆ ಹೇಳುವುದು ಪರೀಕ್ಷೆಯಾದ ಕಾಲ. ಹಳೆ ಕೋವಿಯನ್ನು ಮತ್ತೆ ಪರೀಕ್ಷೆಗೆ ಕಳಿಸಿದರೆ ಹೊಸ ಮುದ್ರೆಯೂ ಬೀಳುತ್ತದೆ. ಎರಡು ಕಾಲದ ಮುದ್ರೆ ಒಟ್ಟಿಗೆ ಕಂಡರೆ ಗಾಬರಿ ಬೇಡ. ಕೋವಿ ಹುಟ್ಟಿದ ಕಾಲಕ್ಕೆ ಹಳೆಯದನ್ನೇ ಹಿಡಿಯಿರಿ.

ಬೆಲ್ಜಿಯಂನ ಲೀಜ್ ಊರಿನ ಕೋವಿಗಳು ಲೆಕ್ಕವಿಲ್ಲದಷ್ಟು ಇವೆ. ಮೊಟ್ಟೆಯಾಕಾರದ ಗೆರೆಯೊಳಗೆ ಇಎಲ್‌ಜಿ ಅಂತ ಇದ್ದರೆ ಅಲ್ಲಿಯದೇ. ಅದರ ಮೇಲೆ ಕಿರೀಟ ಇದ್ದರೆ 1893 ಅಥವಾ ಆಮೇಲಿನದು, ಇಲ್ಲದಿದ್ದರೆ ಅದಕ್ಕೂ ಹಿಂದಿನದು. 1922ರಿಂದ ವರ್ಷಕ್ಕೊಂದು ಅಕ್ಷರ ಹಾಕತೊಡಗಿದರು. ಸ್ಪೇನಿನಲ್ಲೂ 1927ರಿಂದ ಹೀಗೇ ವರ್ಷದ ಸಂಕೇತ ಇದೆ. ಜರ್ಮನಿಯ ಕೋವಿಯಲ್ಲಿ ಕೆಲವೊಮ್ಮೆ ತಿಂಗಳು, ವರ್ಷ ಎರಡೂ ಅಂಕಿಯಲ್ಲೇ ಸಿಗುತ್ತವೆ.

ಅಮೆರಿಕದಲ್ಲಿ ಇಂಥ ಸರ್ಕಾರಿ ಪರೀಕ್ಷೆ ಇರಲಿಲ್ಲ. ಅಲ್ಲಿನ ಕೋವಿಗೆ ಸೀರಿಯಲ್ ನಂಬರೇ ದಾರಿ. ಪಾರ್ಕರ್, ಎಲ್.ಸಿ. ಸ್ಮಿತ್, ಇಥಾಕಾ ಕೋವಿಗಳ ನಂಬರ್ ಪಟ್ಟಿಗಳು ಇವೆ. ಅಮೆರಿಕಕ್ಕೆ ಹೊರಗಿನಿಂದ ತಂದ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ 1890ರ ಕಾನೂನು ಹೇಳಿತು. ಹಾಗಾಗಿ ಕೋವಿಯ ಮೇಲೆ 'ಬೆಲ್ಜಿಯಂ' ಅಂತ ಇಂಗ್ಲಿಷಿನಲ್ಲಿ ಒತ್ತಿದ್ದರೆ ಹೆಚ್ಚಾಗಿ ಅದು ಆ ಕಾಲದ ನಂತರದ್ದೇ.

ಇನ್ನು ಕೋವಿಯ ರಚನೆ. ತೋಟಾ ಸಿಡಿಸಲು ಬಡಿಯುವ ಹ್ಯಾಮರ್ ಹೊರಗಿದ್ದರೆ ತುಂಬಾ ಹಳೆಯದು ಅಂತ ಸುಮಾರು ಜನ ತಿಳಿದಿದ್ದಾರೆ, ಅದು ತಪ್ಪು. ಅಗ್ಗದ ಹ್ಯಾಮರ್ ಕೋವಿಗಳು 20ನೇ ಶತಮಾನದಲ್ಲೂ ಬೇಕಾದಷ್ಟು ತಯಾರಾದವು. ರಚನೆಯಿಂದ ಸಿಗುವುದು 'ಇದಕ್ಕಿಂತ ಮುಂಚಿನದಲ್ಲ' ಅನ್ನುವ ಗೆರೆ ಮಾತ್ರ. ಹ್ಯಾಮರ್ ಒಳಗೇ ಇರುವ ಆನ್ಸನ್ ಮತ್ತು ಡೀಲಿ ಅನ್ನುವವರ ಬಾಕ್ಸ್‌ಲಾಕ್ ರಚನೆ ಬಂದಿದ್ದು 1875ರಲ್ಲಿ, ಅಂದರೆ ಅಂಥ ಕೋವಿ 1860ರದ್ದು ಆಗಲು ಸಾಧ್ಯವೇ ಇಲ್ಲ. ನಳಿಗೆಯ ಮೇಲೆ ಅಲೆಅಲೆ ಗೆರೆ ಕಂಡರೆ ಡಮಾಸ್ಕಸ್ ಇರಬಹುದು, ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಹೆಣೆದು ಸುತ್ತಿ ಮಾಡಿದ್ದು. ಆದರೆ ಸಾದಾ ಉಕ್ಕಿನ ಮೇಲೆ ಆ ಗೆರೆಯನ್ನು ಬರೀ ಮೂಡಿಸಿರುವುದೂ ಉಂಟು.

ಈಗ ಹೆಸರಿಗೆ ಬನ್ನಿ. 'ಡಬ್ಲ್ಯೂ. ರಿಚರ್ಡ್ಸ್' ಅಂತ ಇದ್ದು ಅಡಿಯಲ್ಲಿ ಲೀಜ್ ಮುದ್ರೆ ಇದ್ದರೆ ಅದು ಇಂಗ್ಲೆಂಡಿನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯದ್ದಲ್ಲ, ಆ ಹೆಸರಿನ ನೆನಪು ಬರಲಿ ಅಂತ ಇಟ್ಟದ್ದು. ನಿಜವಾದ ದೊಡ್ಡ ಕಂಪನಿಯದಾದರೆ ಹೆಸರಿನ ರೂಪವೇ ಕಾಲ ಹೇಳುತ್ತದೆ. ಹಾಲೆಂಡ್ ಅಂಡ್ ಹಾಲೆಂಡ್ ಅನ್ನುವ ಹೆಸರು 1876ರಿಂದ, ಪರ್ಡಿ ಹೆಸರಿಗೆ 'ಅಂಡ್ ಸನ್ಸ್' ಸೇರಿದ್ದು 1877ರಲ್ಲಿ. ಕೋವಿಯ ಮೇಲೆ ಅಂಗಡಿಯ ವಿಳಾಸ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಸೀರಿಯಲ್ ನಂಬರ್ ನಳಿಗೆ, ಮುಂದಿನ ಮರದ ತುಂಡಿನ ಕಬ್ಬಿಣ, ಟ್ರಿಗರ್ ಸುತ್ತಿನ ಪಟ್ಟಿ ಮೂರರಲ್ಲೂ ಒಂದೇ ಇದೆಯಾ ನೋಡಿ. ಬೇರೆಬೇರೆ ಇದ್ದರೆ ಬಿಡಿಭಾಗ ಬದಲಾಗಿರಬಹುದು. ಒಂದೇ ಇದ್ದರೆ ಆ ನಂಬರ್ ಕೊಟ್ಟು ಕಂಪನಿಗೆ ಬರೆದು ಕೇಳಿ, ಹಳೆ ಇಂಗ್ಲಿಷ್ ಕಂಪನಿಗಳಲ್ಲಿ ಕೆಲವು ತಮ್ಮ ಲೆಕ್ಕದ ಪುಸ್ತಕಗಳನ್ನು ಇನ್ನೂ ಉಳಿಸಿಕೊಂಡಿವೆ.

ಕಾಲ ಗೊತ್ತಾಯಿತು ಅಂತ ಸುಮ್ನೆ ತೋಟಾ ಹಾಕಿ ಹೊಡೆಯಬೇಡಿ. ಹಳೆಯವುಗಳಲ್ಲಿ ಬಹಳಷ್ಟು ಎರಡೂವರೆ ಇಂಚಿನ ತೋಟಾಗೆ ಮಾಡಿದ್ದು. ಈಗಿನ ಎರಡೂ ಮುಕ್ಕಾಲು ಇಂಚಿನದು ಒಳಗೆ ಕೂತರೂ, ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಮುದ್ರೆ ಹಳೆಯ ಪರೀಕ್ಷೆಯದ್ದು, ಆಮೇಲೆ ನಳಿಗೆ ತುಕ್ಕು ಹಿಡಿದು ತೆಳುವಾಗಿರಬಹುದು. ನಳಿಗೆಯ ಗೋಡೆಯ ದಪ್ಪ, ತೋಟಾ ಜಾಗದ ಉದ್ದ ಎರಡನ್ನೂ ಕೋವಿ ರಿಪೇರಿ ಬಲ್ಲವರ ಕೈಲಿ ಅಳತೆ ಮಾಡಿಸಿ.