ನೋಡಿದ ಸಿನಿಮಾದ ಬಗ್ಗೆ ಕೂತು ಮಾತಾಡುವುದು: ಗಡಿನಾಡಿನಲ್ಲಿ ನಮ್ಮ ಕ್ರಮ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಹತ್ತು ಮಂದಿ ಸಿನಿಮಾ ಪ್ರಿಯರು ಒಂದೆಡೆ ಸೇರಿದರೆ ಎಲ್ಲರೂ ನೋಡಿದ್ದು ಒಂದೇ ಸಿನಿಮಾ ಎಂದು ಹೇಳುವ ಹಾಗಿಲ್ಲ. ಹೆಸರು ಒಂದೇ ಇರಬಹುದು. ಒಬ್ಬರು ಮಂಗಳೂರಿಗೆ ಹೋಗಿ ಕನ್ನಡದಲ್ಲಿ ನೋಡಿರುತ್ತಾರೆ, ಇನ್ನೊಬ್ಬರು ಕಾಸರಗೋಡಿನ ಥಿಯೇಟರಿನಲ್ಲಿ ಮಲಯಾಳಂ ಡಬ್ಬಿಂಗ್ ನೋಡಿರುತ್ತಾರೆ, ಮತ್ತೊಬ್ಬರು ಕಾದು ಕೂತು ಒಟಿಟಿಯಲ್ಲಿ. ‘ಕಾಂತಾರ’ ಕನ್ನಡದಲ್ಲಿ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ, ಮಲಯಾಳಂ ಡಬ್ ಅಕ್ಟೋಬರ್ 20ಕ್ಕೆ. ನವೆಂಬರಿನಲ್ಲಿ ಒಟಿಟಿಗೆ ಬಂದಾಗ ಹಕ್ಕುಸ್ವಾಮ್ಯದ ವ್ಯಾಜ್ಯದಿಂದಾಗಿ ‘ವರಾಹ ರೂಪಂ’ ಹಾಡಿನ ಸಂಗೀತವೇ ಬೇರೆಯಾಗಿತ್ತು. ಥಿಯೇಟರಿನಲ್ಲಿ ನೋಡಿದವರು ಕೊನೆಯ ಭಾಗಕ್ಕೆ ಮೈ ಜುಮ್ಮೆಂದಿತು ಅಂದರು, ಆ ದಿನಗಳಲ್ಲಿ ಮನೆಯಲ್ಲಿ ನೋಡಿದವರು ಅಂಥದ್ದೇನೂ ಕಾಣಲಿಲ್ಲ ಅಂದರು. ಇಬ್ಬರ ಮಾತೂ ಸರಿ. ಹಾಗಾಗಿ ಸಿನಿಮಾ ನೋಡಿ ಆಮೇಲೆ ಕೂತು ಮಾತಾಡುವ ನಮ್ಮ ಕೂಟದಲ್ಲಿ ಮೊದಲ ಮಾತು ಅಭಿಪ್ರಾಯವಲ್ಲ: ಯಾವ ಭಾಷೆಯಲ್ಲಿ, ಎಲ್ಲಿ, ಎಷ್ಟು ದೊಡ್ಡ ಪರದೆಯಲ್ಲಿ, ಒಂದೇ ಸಲಕ್ಕೋ ಎರಡು ರಾತ್ರಿಗೆ ಹಂಚಿಯೋ, ಇಷ್ಟನ್ನು ಎಲ್ಲರೂ ಹೇಳಬೇಕು.

ಮನೆಯಲ್ಲಿ ನೋಡಿದವರ ದೂರುಗಳಲ್ಲಿ ಸಿನಿಮಾಕ್ಕೆ ಸೇರಿದ್ದೆಷ್ಟು, ಟಿವಿಗೆ ಸೇರಿದ್ದೆಷ್ಟು ಎಂದು ಮೊದಲೇ ಬೇರ್ಪಡಿಸಿದರೆ ಅರ್ಧ ಜಗಳ ತಪ್ಪುತ್ತದೆ. ‘ಸೀರಿಯಲ್ ಹಾಗೆ ಕಾಣ್ತದೆ’ ಎಂದು ಯಾರಾದರೂ ಅಂದರೆ ಟಿವಿಯ ಮೋಷನ್ ಸ್ಮೂದಿಂಗ್ ಆನ್ ಇದೆಯೇ ಎಂದು ಕೇಳಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಟಿವಿ ನಡುನಡುವೆ ತಾನೇ ಫ್ರೇಮ್ ಹುಟ್ಟಿಸಿ ತುಂಬಿದರೆ ಎಂಥ ಛಾಯಾಗ್ರಹಣವೂ ಸ್ಟುಡಿಯೋ ವಿಡಿಯೋದಂತೆ ತೆಳುವಾಗುತ್ತದೆ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಬೇಕು, ಇಂಥ ತಿದ್ದುವಿಕೆಗಳನ್ನೆಲ್ಲ ಒಮ್ಮೆಗೇ ಆಫ್ ಮಾಡುವ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಬಹುದು. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆಂದು ಝೂಮ್ ಮಾಡಿ ನೋಡುವವರೂ ಇದ್ದಾರೆ. 2.39:1 (ಅಗಲ:ಎತ್ತರ) ಅಳತೆಯ ಚಿತ್ರವನ್ನು 16:9 ಟಿವಿಗೆ ಪೂರ್ತಿ ತುಂಬಿಸಿದರೆ ಅಗಲದ ಸುಮಾರು ಕಾಲುಭಾಗ ಹೊರಗೆ ಹೋಗುತ್ತದೆ. ಫ್ರೇಮಿನ ಅಂಚಿನಲ್ಲಿ ನಿಂತ ಪಾತ್ರವೇ ಕಾಣದಿರುವಾಗ ಆ ದೃಶ್ಯದ ಬಗ್ಗೆ ಏನು ಮಾತಾಡುವುದು? ಮಾತು ಸ್ಪಷ್ಟವಿಲ್ಲ ಎಂಬ ದೂರೂ ಹಾಗೆಯೇ. ಸುತ್ತಲಿನ ಆರು ಚಾನೆಲಿಗೆ ಧ್ವನಿ ಹಂಚುವ 5.1 ಮಿಶ್ರಣದಲ್ಲಿ ಸಂಭಾಷಣೆ ಹೆಚ್ಚಾಗಿ ನಡುವಿನ ಚಾನೆಲಿನಲ್ಲಿರುತ್ತದೆ. ಟಿವಿಯ ಎರಡು ಸಣ್ಣ ಸ್ಪೀಕರಿಗೆ ಎಲ್ಲವನ್ನೂ ಇಳಿಸಿದಾಗ ಹಿನ್ನೆಲೆ ಸಂಗೀತದಡಿ ಮಾತು ಮುಳುಗುತ್ತದೆ. ಹೆಡ್‌ಫೋನ್ ಹಾಕಿ ಅದೇ ದೃಶ್ಯ ಮತ್ತೊಮ್ಮೆ ಕೇಳಿದ ಮೇಲೆ ಧ್ವನಿ ವಿನ್ಯಾಸದ ಬಗ್ಗೆ ಮಾತಾಡಿದರೆ ಸಾಕು.

ಡಬ್ಬಿಂಗಿನ ವಿಚಾರಕ್ಕೆ ನಾವು ಹೆಚ್ಚು ಹೊತ್ತು ಕೊಡುತ್ತೇವೆ, ಯಾಕೆಂದರೆ ಕನ್ನಡ, ಮಲಯಾಳಂ, ತುಳು ಮೂರನ್ನೂ ಕಿವಿಯಲ್ಲಿಟ್ಟುಕೊಂಡ ಪ್ರೇಕ್ಷಕರು ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ. ಸ್ಥಳದಲ್ಲೇ ಧ್ವನಿ ಹಿಡಿದ ಸಿಂಕ್ ಸೌಂಡ್ ಚಿತ್ರವನ್ನು ಇನ್ನೊಂದು ಭಾಷೆಗೆ ತರುವಾಗ ಬದಲಾಗುವುದು ಮಾತು ಮಾತ್ರವಲ್ಲ. ಮಾತಿನ ಜೊತೆ ಸೇರಿಕೊಂಡ ಹೆಜ್ಜೆ ಸಪ್ಪಳ, ಪಾತ್ರೆ ಸದ್ದು, ಕೋಣೆಯ ಗುಂಯ್ ಎಲ್ಲವೂ ಹೋಗುತ್ತವೆ. ಅವನ್ನು ಸ್ಟುಡಿಯೋದಲ್ಲಿ ಹೊಸದಾಗಿ ಕೂಡಿಸಬೇಕು. ಅದು ಅವಸರದಲ್ಲಿ ಆದರೆ ಪಾತ್ರಗಳು ಹೊಲದಲ್ಲಿ ನಿಂತು ಗಾಜಿನ ಕೋಣೆಯಲ್ಲಿ ಮಾತಾಡಿದಂತೆ ಕೇಳುತ್ತದೆ. ಪರೀಕ್ಷಿಸುವುದು ಸುಲಭ: ಒಟಿಟಿಯಲ್ಲಿ ಎರಡು ನಿಮಿಷದ ಒಂದು ದೃಶ್ಯ ಆರಿಸಿ, ಮೊದಲು ಮೂಲ ಆಡಿಯೋ, ಆಮೇಲೆ ಅದೇ ಜಾಗಕ್ಕೆ ಹಿಂದೆ ಬಂದು ಡಬ್ ಆಡಿಯೋ ಹಾಕಿ, ಕಣ್ಣು ಮುಚ್ಚಿ ಕೇಳಿ. ಅಡುಗೆಮನೆ, ಬಸ್ಸಿನ ಒಳಗೆ, ಮಳೆ ಬೀಳುವ ಜಗಲಿ, ಇಂಥ ದೃಶ್ಯಗಳಲ್ಲಿ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಕಾಞಂಗಾಡಿನ ಒಂದು ಮನೆಯಲ್ಲಿ ನಡೆಯುವ ಸೆನ್ನಾ ಹೆಗ್ಡೆಯವರ ‘ತಿಂಕಳಾಳ್ಚ ನಿಶ್ಚಯಂ’ (2021) ಚಿತ್ರದ ಅರ್ಧ ಸೊಗಸು ಬಡಗಿನ ಮಲಯಾಳಂ ಮಾತಿನ ಏರಿಳಿತದಲ್ಲಿ ಉಂಟು. ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ನೋಡಿದವರಿಗೆ ಅದು ತಲುಪುವುದು ಕಷ್ಟ: ಸಾಲಿಗೆ ಸುಮಾರು 42 ಅಕ್ಷರ, ಹೆಚ್ಚೆಂದರೆ ಎರಡು ಸಾಲು ಎಂಬ ಮಿತಿಯೊಳಗೆ ಮನೆಮಂದಿಯ ಒಟ್ಟೊಟ್ಟಿಗಿನ ಮಾತು ಹಿಡಿಯುವುದಿಲ್ಲ.

ಇನ್ನು ಮಾತಿನ ಸರದಿ. ಎಂಟರಿಂದ ಹನ್ನೆರಡು ಮಂದಿ ಸರಿಯಾದ ಲೆಕ್ಕ. ಅದಕ್ಕಿಂತ ಹೆಚ್ಚಾದರೆ ಇಬ್ಬರು ಮೂವರು ಮಾತ್ರ ಮಾತಾಡುತ್ತಾರೆ, ಉಳಿದವರು ಚಹಾ ಕುಡಿಯುತ್ತಾರೆ. ನೋಡಿದ ರಾತ್ರಿಯೇ ಕೂರುವುದಿಲ್ಲ, ವಾರ ಕಳೆಯಲೂ ಬಿಡುವುದಿಲ್ಲ. ಎರಡು ಮೂರು ದಿನದ ಮೇಲೆ ನೆನಪಿನಲ್ಲಿ ನಿಂತದ್ದೇ ಮಾತಾಡಲು ಯೋಗ್ಯ. ಬರುವ ಮೊದಲು ಪ್ರತಿಯೊಬ್ಬರೂ ಐದು ಸಾಲು ಬರೆದು ತರಬೇಕು, ಅದೂ ಯಾವುದೇ ವಿಮರ್ಶೆ ಓದುವ ಮುಂಚೆ. ಬರೆಯದೆ ಬಂದವರು ಮೊದಲು ಮಾತಾಡಿದವರ ದಾರಿಯನ್ನೇ ಹಿಡಿಯುತ್ತಾರೆ. ಇದೇ ಕಾರಣಕ್ಕೆ ಅತಿ ಕಿರಿಯರಿಂದ ಆರಂಭ, ಮಾಷ್ಟ್ರುಗಳಿಗೆ ಕೊನೆಯ ಸರದಿ. ನಿವೃತ್ತ ಮಾಷ್ಟ್ರು ಒಬ್ಬರು ಬಾಯಿ ತೆರೆದು ‘ಚಿತ್ರ ಸಾಧಾರಣ’ ಅಂದುಬಿಟ್ಟರೆ ಅವರ ಶಿಷ್ಯರು ಯಾರೂ ‘ನನಗೆ ತುಂಬ ಹಿಡಿಸಿತು ಮಾಷ್ಟ್ರೇ’ ಅನ್ನುವುದಿಲ್ಲ. ತಲಾ ಎರಡು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ತುಳುವಿನಲ್ಲಿ ಹೇಳಲಿ, ಮಲಯಾಳದಲ್ಲಿ ಹೇಳಲಿ, ಯಾರಿಗೆ ಯಾವುದು ಸಲೀಸೋ ಅದರಲ್ಲಿ. ಕನ್ನಡದಲ್ಲೇ ಹೇಳಿ ಎಂದು ಒತ್ತಾಯಿಸಿದರೆ ಒಳ್ಳೆಯ ಗಮನಿಕೆಗಳು ಬಾಯಲ್ಲೇ ಉಳಿಯುತ್ತವೆ.

ಕಥೆ ಹೇಳಲು ಮೂರು ವಾಕ್ಯ ಮಾತ್ರ. ಆಮೇಲೆ ಒಂದು ದೃಶ್ಯ. ನಮ್ಮ ಕ್ರಮದ ಬೆನ್ನೆಲುಬು ಇದೇ: ಒಂದು ದೃಶ್ಯವನ್ನು ಕಂಡ ಹಾಗೆ ಬಿಡಿಸಿ ಹೇಳಿ, ಆಮೇಲೆ ತೀರ್ಪು ಕೊಡಿ. ಕ್ಯಾಮೆರಾ ಎಲ್ಲಿತ್ತು, ಯಾರ ಮುಖ ಕಾಣುತ್ತಿತ್ತು, ಯಾವ ಸದ್ದು ನಿಂತಿತು, ಎಲ್ಲಿ ಕತ್ತರಿಸಿದರು. ‘ನಟನೆ ಸೂಪರ್’ ಎಂಬ ಮಾತಿಗೆ ಉತ್ತರ ಕೊಡಲು ಯಾರಿಗೂ ಆಗುವುದಿಲ್ಲ. ‘ಮಗಳ ಮಾತು ಕೇಳಿ ಅಪ್ಪ ಉತ್ತರ ಕೊಡುವ ಬದಲು ಅಂಗಿಯ ಗುಂಡಿ ಹಾಕಿಕೊಂಡ’ ಎಂದರೆ ಹತ್ತು ಮಂದಿಗೂ ಹೇಳಲು ಏನಾದರೂ ಸಿಗುತ್ತದೆ. ನೆನಪಿಗಾಗಿ ಇಂಟರ್‌ವಲ್‌ನಲ್ಲಿ ಎರಡು ಪದ ಬರೆದುಕೊಳ್ಳಬಹುದು. ಫೋನಿನಲ್ಲಿ ಕ್ಲಿಪ್ ತೆಗೆಯುವುದು ಮಾತ್ರ ಬೇಡವೇ ಬೇಡ. 2023ರ ತಿದ್ದುಪಡಿಯ ಪ್ರಕಾರ ಅದಕ್ಕೆ ಕನಿಷ್ಠ 3 ತಿಂಗಳ ಸಜೆ ಮತ್ತು 3 ಲಕ್ಷ ರೂಪಾಯಿ ದಂಡ ಉಂಟು.

‘ಸೆಕೆಂಡ್ ಹಾಫ್ ಲ್ಯಾಗ್’ ಎಂದವರಿಗೆ ಎರಡು ಪ್ರಶ್ನೆ: ಯಾವ ದೃಶ್ಯದಿಂದ? ಆ ಹೊತ್ತಿಗೆ ನಿಮಗೆ ಗೊತ್ತಿದ್ದ ಯಾವ ವಿಷಯವನ್ನು ಮತ್ತೆ ಹೇಳಿದರು? ನಿಧಾನ ಮತ್ತು ಪುನರಾವರ್ತನೆ ಬೇರೆ ಬೇರೆ. ಹೆಚ್ಚಿನ ಸಲ ಬೇಸರ ಹುಟ್ಟುವುದು ಎರಡನೆಯದರಿಂದ.

ನಮ್ಮ ಊರಿನ ವಿಷಯ ತೆರೆಗೆ ಬಂದಾಗ ಅಳತೆ ತಪ್ಪುವ ಅಪಾಯ ಹೆಚ್ಚು. ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ (2018) ಇಲ್ಲಿನ ಕನ್ನಡ ಶಾಲೆಯ ಪಾಡನ್ನು ಹೇಳುವ ಚಿತ್ರ. ಅದನ್ನು ಪ್ರೀತಿಸದ ಗಡಿನಾಡ ಕನ್ನಡಿಗರನ್ನು ನಾನು ಕಂಡದ್ದು ಅಪರೂಪ. ಅಂಥ ಚಿತ್ರಕ್ಕೆ ಪ್ರೀತಿಯನ್ನು ಒಂದು ಸುತ್ತಿನಲ್ಲಿ ಮನಸಾರೆ ಹೇಳಿ ಮುಗಿಸಿ, ಎರಡನೆಯ ಸುತ್ತಿನಲ್ಲಿ ಚಿತ್ರದ ಕಟ್ಟಣೆಯ ಬಗ್ಗೆ ಕೇಳಬೇಕು: ಅನಂತನಾಗ್ ಪಾತ್ರ ಬಂದ ಮೇಲೆ ಕಥೆಯ ಚುಕ್ಕಾಣಿ ಮಕ್ಕಳ ಕೈಯಲ್ಲಿ ಉಳಿಯಿತೇ? ದೈವದ ವಿಷಯಕ್ಕೂ ಹೀಗೆಯೇ. ಚಂದ್ರಗಿರಿ ಹೊಳೆಯ ಈಚೆಗೆ ಭೂತಕೋಲ, ಆಚೆಗೆ ಹೋದಂತೆ ತೆಯ್ಯಂ. ಎರಡನ್ನೂ ಕಂಡವರು ನಮ್ಮಲ್ಲಿದ್ದಾರೆ. ‘ನಮ್ಮಲ್ಲಿ ಕಟ್ಟುಕಟ್ಟಳೆ ಹೀಗಿಲ್ಲ’ ಎಂಬುದು ಮಾಹಿತಿ, ಅದನ್ನು ಹಾಗೆಯೇ ದಾಖಲಿಸಿ. ಆ ವ್ಯತ್ಯಾಸ ಚಿತ್ರಕ್ಕೆ ಎಲ್ಲಿ ಪೆಟ್ಟು ಕೊಟ್ಟಿತು ಎಂದು ತೋರಿಸಿದರೆ ಮಾತ್ರ ಅದು ವಿಮರ್ಶೆ. ಹಾಗೆಯೇ ನಂಬಿಕೆಯಿಂದ ನೋಡಿದವರನ್ನು ಕೆಣಕುವ ಮಾತಿಗೆ ನಾವು ಜಾಗ ಕೊಡುವುದಿಲ್ಲ.

ಸ್ಪಾಯ್ಲರ್‌ಗೆ ಹೆದರುವವರು ಮೊದಲ ಸುತ್ತು ಮುಗಿದೊಡನೆ ಎದ್ದು ಹೋಗಬಹುದು. ಉಳಿದವರ ಮಟ್ಟಿಗೆ ಇದು ತಾಳಮದ್ದಳೆಯ ಹಾಗೆ: ಕರ್ಣಪರ್ವದ ಕೊನೆ ಗೊತ್ತಿದ್ದೇ ಬೆಳಗಿನವರೆಗೆ ಕೂರುತ್ತೇವೆ, ಅರ್ಥಧಾರಿ ಹೇಗೆ ಅಲ್ಲಿಗೆ ತಲುಪಿದರು ಎಂದು ಆಮೇಲೆ ಮಾತಾಡುತ್ತೇವೆ. ಎರಡನೆಯ ಸುತ್ತಿನಲ್ಲಿ ಕ್ಲೈಮ್ಯಾಕ್ಸನ್ನೇ ಮೊದಲು ತೆಗೆದುಕೊಂಡು, ಅದಕ್ಕೆ ಬೇಕಾದ ತಯಾರಿ ಹಿಂದೆ ಎಲ್ಲೆಲ್ಲಿ ನಡೆದಿತ್ತು ಎಂದು ಹುಡುಕಿಕೊಂಡು ಹೋಗುವುದು ನನಗೆ ತುಂಬ ಇಷ್ಟದ ಭಾಗ.

ನಕ್ಷತ್ರ ಕೊಡುವ ಪದ್ಧತಿ ಇಟ್ಟುಕೊಂಡಿಲ್ಲ. ಅಂಕ ಬಂದರೆ ಅಂಕದ ಮೇಲೆಯೇ ವಾದ ನಡೆಯುತ್ತದೆ. ಕೂಟದ ದಾಖಲೆ ಪುಸ್ತಕದಲ್ಲಿ ಒಂದು ಚಿತ್ರಕ್ಕೆ ಒಂದು ಪುಟ: ತಾರೀಕು, ಯಾರು ಯಾವ ಭಾಷೆಯಲ್ಲಿ ಎಲ್ಲಿ ನೋಡಿದ್ದು, ಚರ್ಚೆಗೆ ಬಂದ ದೃಶ್ಯಗಳು, ಇತ್ಯರ್ಥವಾಗದ ಒಂದು ಪ್ರಶ್ನೆ. ಪುಟದ ಕೆಳಗಿನ ಕಾಲುಭಾಗ ಖಾಲಿ ಬಿಡುತ್ತೇವೆ. ಚಿತ್ರ ಒಟಿಟಿಗೆ ಬಂದ ಮೇಲೆ ಯಾರಾದರೂ ಆ ದೃಶ್ಯವನ್ನು ಮತ್ತೆ ನೋಡಿ, ನಾವು ಹೇಳಿದ್ದು ತೆರೆಯ ಮೇಲೆ ನಿಜವಾಗಿ ಇತ್ತೇ ಎಂದು ಅಲ್ಲಿ ಬರೆಯುತ್ತಾರೆ.